ಪುಟ್ಟಿ ತಲೆ ತಗ್ಗಿಸ್ತಾಳೆ ಅಂತ ಬರೆದಿದ್ದೀಯಲ್ಲ

ಬಸವನಗುಡಿ, ಬೆಂಗಳೂರು

ಚಿ. ಸೌ. ವೀಣಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಒಂದೇ ಊರಲ್ಲಿದ್ದುಕೊಂಡು ಅಂಚೆಗೆ ಕಾಗದ ಹಾಕೋರು ನೀವಿಬ್ಬರೇ ಇರಬೇಕು ಅಂತ ನಿಮ್ಮ ದೊಡ್ಡಪ್ಪ ನಗ್ತಿದ್ರು. ನಗಲಿ ಬಿಡು. ಫೋನಾಗಿದ್ರೆ ಆ ಒಂದು ಮಾತನ್ನ ನೀನು ನುಂಗಿಕೊಂಡುಬಿಡ್ತಿದ್ದೆ. ಮನೆ ಬದಲಾಯಿಸಿದ್ದು, ಅಳಿಯಂದಿರ ಕೆಲಸದ ವಿಷಯ, ಅದೆಲ್ಲ ಆಡಿ ಮುಗಿದಿದೆ, ಮತ್ತೆ ಕೆದಕೋದಿಲ್ಲ. ಕೊನೇ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದೀಯಲ್ಲ, ‘ನಾನು ಮಾಡಿದ್ದನ್ನ ಅಲ್ಲಿ ಮೇಜಿನ ಮೇಲೆ ಇಟ್ಟಾಗ ಪುಟ್ಟಿ ತಲೆ ತಗ್ಗಿಸಿಬಿಟ್ಟರೆ?’ ಅಂತ, ಅದಕ್ಕೇ ಈ ಕಾಗದ.

ನಿಮ್ಮ ಅಪಾರ್ಟ್‌ಮೆಂಟಿನವರು ಕ್ರಿಸ್ಮಸ್ ರಜೆಯಲ್ಲಿ ಸೇರಿ ಮನೆಗೊಂದು ಡಜನ್ ಕುಕಿ ತಂದು ಒಬ್ಬರಿಗೊಬ್ಬರು ಹಂಚಿಕೊಳ್ಳೋದು, ಮಕ್ಕಳನ್ನ ಕೂರಿಸಿ ಫೋಟೋ ತೆಗೆಯೋದು. ಒಳ್ಳೇದೇ. ಸಂಕ್ರಾಂತಿಗೆ ಎಳ್ಳು ಬೀರೋದನ್ನ ಮೂರು ವಾರ ಮುಂಚೆ ಲಿಫ್ಟಿನಲ್ಲಿ ಓಡಾಡಿಕೊಂಡು ಮಾಡಿದ ಹಾಗೆ. ಎಲ್ಲರ ಮನೇಲೂ ಓವನ್ ಇದೆ, ನಿನ್ನ ಹತ್ರ ಇಲ್ಲ. ಇಷ್ಟಕ್ಕೆ ಇಷ್ಟು ಹೆದರ್ತಾಳಲ್ಲ ಅಂತ ಮೊದಲು ಸಿಟ್ಟೇ ಬಂತು. ಎರಡನೇ ಸಲ ಓದಿದಾಗ ಸಿಟ್ಟು ಇಳೀತು. ಓವನ್ನನ್ನ ಇವತ್ತು ಕಂತಿನಲ್ಲಿ ತಂದುಕೊಟ್ಟರೂ ಆ ಅಂಚಿನಲ್ಲಿ ಬರೆದ ಮಾತು ಅಲ್ಲೇ ಇರುತ್ತೆ.

ಮೊದಲು ಕೈಗೆ ಸಿಗೋ ವಿಷಯ ಹೇಳಿಬಿಡ್ತೀನಿ. ನ್ಯೂಜೆರ್ಸಿಯಲ್ಲಿ ಮಗನ ಮನೇಲಿ ಒಂದು ಚಳಿಗಾಲ ಕಳೆದೆನಲ್ಲ, ಅಲ್ಲಿ ಪ್ರತಿ ಮನೇಲೂ ಒಲೆಯ ಕೆಳಗೇ ದೊಡ್ಡ ಓವನ್. ಆದರೂ ಡಿಸೆಂಬರ್‌ನಲ್ಲಿ ಓವನ್ ಹಚ್ಚದೆ ಮಾಡೋ ಕುಕಿ ಒಂದೆರಡು ಬಗೆ ಅಲ್ಲಿನ ಹೆಂಗಸರು ಇಟ್ಟುಕೊಂಡೇ ಇರ್ತಾರೆ, ಯಾಕೆಂದ್ರೆ ಹಬ್ಬದ ದಿನಗಳಲ್ಲಿ ಓವನ್‌ಗೆ ಬಿಡುವೇ ಇರೋದಿಲ್ಲ. ನಮ್ಮ ಸೊಸೆ ಮಾಡಿದ್ದು ಹೀಗೆ: ಎರಡು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಹಾಲು, ಅರ್ಧ ಬಟ್ಟಲು ಬೆಣ್ಣೆ, ಕಾಲು ಬಟ್ಟಲು ಕೋಕೋ ಪುಡಿ ಒಟ್ಟಿಗೆ ಒಲೆ ಮೇಲಿಟ್ಟು, ಕೊತಕೊತ ಕುದಿ ಬಂದ ಮೇಲೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ಬಿಟ್ಟು ಇಳಿಸಿದಳು. ಅರ್ಧ ಬಟ್ಟಲು ಪೀನಟ್ ಬಟರ್, ಮೂರು ಬಟ್ಟಲು ಓಟ್ಸ್ ಹಾಕಿ ಕಲಸಿ, ಚಮಚದಲ್ಲಿ ಕಾಗದದ ಮೇಲೆ ಬಿಟ್ಟಳು, ಅಷ್ಟೇ. ಕುದಿ ಸಾಲದಿದ್ರೆ ಅಂಟಂಟಾಗಿ ಕೂತುಬಿಡುತ್ತೆ, ಹೆಚ್ಚಾದ್ರೆ ಪುಡಿ ಪುಡಿ ಉದುರುತ್ತೆ. ಮೈಸೂರುಪಾಕಿನ ಹದ ಗೊತ್ತಿರೋಳಿಗೆ ಇದೇನು ಮಹಾ. ಆದರೆ ನನ್ನ ಬಾಯಿಗೆ ವಿಪರೀತ ಸಿಹಿ, ನೋಡೋದಕ್ಕೂ ಕಪ್ಪಗೆ ಉಂಡೆ ಉಂಡೆ, ಪುಟ್ಟಿ ಅಲಂಕಾರ ಮಾಡೋದಕ್ಕೆ ಒಗ್ಗೋದಿಲ್ಲ. ಓವನ್ ಇದ್ದವರೂ ಓವನ್ ಇಲ್ಲದೆ ಮಾಡ್ತಾರೆ ಅಂತ ನಿನಗೆ ಗೊತ್ತಾಗಲಿ ಅಂತ ಬರೆದೆ.

ಪುಟ್ಟಿಯ ಕೈಗೆ ಮಾರಿ ಬಿಸ್ಕತ್ತೇ ಸರಿ. ಮೂಗು ಮುರೀಬೇಡ. ನಾವು ಕಾಫಿಗೆ ಅದ್ದಿ ಅದ್ದಿ ಅದನ್ನ ಅಗ್ಗ ಮಾಡಿದ್ದೀವಿ ಅಷ್ಟೇ. ಅದು ಹುಟ್ಟಿದ್ದು 1874ರಲ್ಲಿ, ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿಯಲ್ಲಿ. ರಷ್ಯಾದ ರಾಜಕುಮಾರಿ ಮರಿಯಾಳನ್ನ ವಿಕ್ಟೋರಿಯಾ ರಾಣಿಯ ಮಗ ಮದುವೆಯಾದ ವರ್ಷ, ಆ ಹುಡುಗಿಯ ಹೆಸರು ಇಟ್ಟು ಮಾಡಿದ್ದು. ಮೇಜಿನ ಮೇಲೆ ಯಾರಾದರೂ ‘ಓ, ಮಾರಿನಾ?’ ಅಂದ್ರೆ ಪುಟ್ಟಿ ಈ ಕಥೆ ಹೇಳಲಿ. ಹೇಳದಿದ್ರೂ ನಷ್ಟವಿಲ್ಲ.

ತಲೆ ತಗ್ಗಿಸೋ ವಿಷಯಕ್ಕೆ ಬರ್ತೀನಿ. ಅದನ್ನ ಬಿಟ್ಟು ಬೇರೇದು ಬರೆಯೋಕೆ ಕೂತರೂ ಪೆನ್ನು ಅಲ್ಲಿಗೇ ಹೋಗುತ್ತೆ.

ನಿಮ್ಮಜ್ಜಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮನೇಲೇ ಹುಯ್ಯೋರು, ಅದು ನಿನಗೆ ಗೊತ್ತು. ನಿಮ್ಮಮ್ಮ ಆಗ ಇನ್ನೂ ತೊಟ್ಟಿಲ ಕೂಸು, ಹಾಗಾಗಿ ಈ ಭಾಗ ಅವಳೂ ನಿನಗೆ ಹೇಳಿರೋದಿಲ್ಲ. ಮರದ ಅಚ್ಚುಗಳನ್ನ ಹಿಂದಿನ ರಾತ್ರಿಯೇ ಹಿತ್ತಾಳೆ ಕೊಳಗದಲ್ಲಿ ನೆನೆ ಹಾಕೋರು. ಪಾಕಕ್ಕೆ ಚೂರು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ, ಅದನ್ನ ತೆಗೆದು, ಒದ್ದೆ ಬಟ್ಟೇಲಿ ಸೋಸಿ, ಸ್ವಲ್ಪ ಸ್ವಲ್ಪವೇ ಪುಟ್ಟ ಪಾತ್ರೆಗೆ ಹಾಕಿ ಕಾಯಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ಉಜ್ಜಿ ಉಜ್ಜಿ ಬೆಳ್ಳಗಾಗೋ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹುಯ್ಯಬೇಕು. ಕ್ಷಣ ತಡವಾದ್ರೆ ಪಾತ್ರೆಯಲ್ಲೇ ಕಲ್ಲು. ಒಂದು ವರ್ಷ ಸಕ್ಕರೆಗೆ ತುಂಬಾ ತತ್ವಾರ. ರೇಷನ್ನಿನಲ್ಲಿ ಸಿಕ್ಕಿದ ಮಾಸಲು ಸಕ್ಕರೆಯಲ್ಲೇ ಅಮ್ಮ ಅಚ್ಚು ಹುಯ್ದರು. ಬಸವ, ಮಂಟಪ, ಗಿಣಿ ಎಲ್ಲ ಬಂದವು, ಎಲ್ಲವೂ ಹಳದಿ. ಬೆಲ್ಲದ ಬಣ್ಣವೂ ಅಲ್ಲ, ಸಕ್ಕರೆಯ ಬಣ್ಣವೂ ಅಲ್ಲ. ಗಿಣಿಯ ಕೊಕ್ಕು ಬೇರೆ ಮುರಿದಿತ್ತು.

ಆ ಸಂಜೆ ರೇಷ್ಮೆ ಲಂಗ ಉಟ್ಟುಕೊಂಡು ತಟ್ಟೆ ಹಿಡಿದು ಹೊರಟೆ. ಮೂಲೆ ಮನೆಯವರ ತಟ್ಟೆಯಲ್ಲಿ ಹಾಲಿನಂಥ ಅಚ್ಚು ಕಂಡಿದ್ದೇ, ಜಗಲಿಯ ಕಂಬದ ಹಿಂದೆ ನಿಂತು ನಮ್ಮ ಬಸವನನ್ನ ಎಳ್ಳಿನ ಒಳಗೆ ಹೂತುಬಿಟ್ಟೆ. ಎಲ್ಲರಿಗೂ ಬರೀ ಎಳ್ಳು, ಕಬ್ಬು, ಬಾಳೆಹಣ್ಣು ಕೊಟ್ಟು ಬಂದೆ. ಮನೆಗೆ ಬಂದಾಗ ಅಮ್ಮ ತಟ್ಟೆ ತಗೊಂಡರು. ಎಳ್ಳು ಬಗ್ಗಿಸೋವಾಗ ಕೆಳಗಿಂದ ಅಚ್ಚುಗಳು ಉರುಳಿದವು, ಒಂದೂ ಕಮ್ಮಿಯಾಗಿರಲಿಲ್ಲ. ಅಮ್ಮ ಏನೂ ಕೇಳಲಿಲ್ಲ. ಡಬ್ಬಿಗೆ ಹಾಕಿ ಮುಚ್ಚಿಟ್ಟರು, ಮಾಘ ಮಾಸ ಮುಗಿಯೋ ತನಕ ನಮ್ಮ ಮನೆ ಕಾಫಿಗೆ ಅದೇ ಸಕ್ಕರೆ.

ಮುಂದಿನ ವರ್ಷದಿಂದ ಅಂಗಡಿಯ ಅಚ್ಚು. ಗಾಂಧಿಬಜಾರಿನಿಂದ ತೂಕ ಹಾಕಿಸಿಕೊಂಡು ತರೋರು. ನನಗೆ ಎಷ್ಟು ಖುಷಿ ಅಂತೀಯ! ಎಲ್ಲರ ತಟ್ಟೆಯ ಹಾಗೇ ನಮ್ಮದೂ. ಅಮ್ಮ ಯಾಕೆ ಬಿಟ್ಟರು ಅಂತ ನಾನು ಕೇಳಲಿಲ್ಲ, ಕೇಳಬೇಕು ಅಂತ ತೋಚಿದ್ದು ನನಗೇ ಇಬ್ಬರು ಮಕ್ಕಳಾದ ಮೇಲೆ, ಆಗ ಕೇಳೋದಕ್ಕೆ ನಾಲಿಗೆ ಏಳಲಿಲ್ಲ. ಮನೆ ಖಾಲಿ ಮಾಡೋವಾಗ ಅಟ್ಟದಲ್ಲಿ ಅಚ್ಚುಗಳು ಸಿಕ್ಕವು. ಬಸವನದು ಒಂದೇ ಹೋಳು ಇತ್ತು, ಇನ್ನೊಂದು ಹೋಳು ಗೆದ್ದಲಿನ ಪಾಲು.

ನೋಡು, ನಿನಗೆ ಧೈರ್ಯ ಹೇಳೋದಕ್ಕೆ ಕೂತು ಏನೇನೋ ಬರೆದೆ. ಪುಟ್ಟಿ ತಲೆ ತಗ್ಗಿಸೋದೇ ಇಲ್ಲ ಅಂತ ನಾನು ಹೇಗೆ ಹೇಳಲಿ? ಏಳು ವರ್ಷದ ಮಗು. ಪಕ್ಕದವಳ ತಟ್ಟೆಯಲ್ಲಿ ಏನಿದೆ ಅಂತ ನೋಡೇ ನೋಡುತ್ತೆ. ಬಹುಶಃ ಒಂದು ನಿಮಿಷ ಮುಖ ಸಣ್ಣದಾಗುತ್ತೆ. ಆ ನಿಮಿಷಕ್ಕೆ ನೀನು ಹೆದರಬೇಡ ಅಂತಲೂ ಹೇಳೋದಿಲ್ಲ, ಹೆದರಿಕೆ ಹೇಳಿದರೆ ಕೇಳೋದಿಲ್ಲವಲ್ಲ. ನನ್ನ ಹೆದರಿಕೆ ಬೇರೆ ಇದೆ: ಅವಳ ಮುಖ ನೋಡಿ ನೀನು ಬರೋ ವರ್ಷ ಬೇಕರಿಯಿಂದ ಡಬ್ಬಿ ತಂದು ಇಡ್ತೀಯ.

ಬೇಕರಿಯ ಮೇಲೆ ನನಗೇನೂ ಕೋಪವಿಲ್ಲ ಮಾರಾಯ್ತಿ. ವಿ.ವಿ. ಪುರದ ಖಾರ ಬಿಸ್ಕತ್ತು ಇಲ್ಲದೆ ನಿಮ್ಮ ದೊಡ್ಡಪ್ಪನ ಸಂಜೆ ಕಳೆಯೋದಿಲ್ಲ.

ಅಲಂಕಾರ ಅವಳೇ ಮಾಡಲಿ, ಪೂರ್ತಿ ಅವಳೇ. ವಕ್ರವಾಗಿದ್ರೆ ನೀನು ತಿದ್ದಬೇಡ. ನೀನು ಚಾಕಲೇಟ್ ಕರಗಿಸಿಕೊಡು ಸಾಕು. ಕಾಂಪೌಂಡ್ ಅಂತ ಕೇಳಿ ತಗೋ, ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಜಿಡ್ಡು ಇರುತ್ತೆ, ಕರಗಿಸಿ ಬಿಟ್ಟರೆ ತಾನಾಗೇ ಹೊಳಪಾಗಿ ಆರುತ್ತೆ. ತಿನ್ನೋ ಒಳ್ಳೇ ಚಾಕಲೇಟನ್ನ ಹಾಗೆ ಸುಮ್ಮನೆ ಕರಗಿಸಿದರೆ ಆರಿದ ಮೇಲೆ ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತೆ, ದುಡ್ಡೂ ದಂಡ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸು, ಬಟ್ಟಲಿನ ತಳಕ್ಕೆ ನೀರು ತಾಕಬಾರದು, ಒಳಗೆ ಒಂದು ಹನಿ ನೀರು ಬಿದ್ದರೂ ಚಾಕಲೇಟು ಮರಳು ಮರಳಾಗಿ ಗಂಟು ಕಟ್ಟುತ್ತೆ. ಸೀಸೆಯಲ್ಲಿ ಬರೋ ನೀರಿನಂಥ ಕೇಸರಿ ಬಣ್ಣ, ಹಸಿರು ಬಣ್ಣ ಅದಕ್ಕೆ ಹಾಕಿದರೂ ಅದೇ ಗತಿ. ಗಟ್ಟಿ ಅನ್ನಿಸಿದರೆ ಕಾಲು ಕೆಜಿಗೆ ಒಂದು ಟೀ ಚಮಚ ಕೊಬ್ಬರಿ ಎಣ್ಣೆ ಬಿಡು, ಅಡುಗೇದು.

ಫ್ರಿಜ್ಜಿನಲ್ಲಿ ಇಡಬೇಕಾ ಅಂತ ಕೇಳಿದ್ದೀಯ. ಬೇಡ. ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡು. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ನಮ್ಮೂರಲ್ಲಿ ಡಿಸೆಂಬರ್ ರಾತ್ರಿ 16ಕ್ಕೆ ಇಳಿಯುತ್ತೆ. ಬೆಳಿಗ್ಗೆ ಎದ್ದಾಗ ಎಣ್ಣೆ ಗಟ್ಟಿಯಾಗಿದ್ದರೆ ಚಾಕಲೇಟಿಗೂ ಅಡುಗೆಮನೆ ಕಟ್ಟೆಯೇ ಸಾಕು. ಫ್ರಿಜ್ಜಿನಿಂದ ತೆಗೆದರೆ ಮೈಯೆಲ್ಲ ಬೆವರಿ ಮಚ್ಚೆ ಮಚ್ಚೆ ಆಗುತ್ತೆ.

ಬಿಳಿ ಗೆರೆ ಎಳೆಯೋದಕ್ಕೆ ಐಸಿಂಗ್ ಶುಗರ್ ಒಂದು ಬಟ್ಟಲಿಗೆ ಹಾಲು ಒಂದೂವರೆ ದೊಡ್ಡ ಚಮಚ, ಅದೂ ಒಂದೇ ಸಲ ಸುರೀಬೇಡ. ನಂದಿನಿ ಹಾಲಿನ ಕವರು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಒಂದು ಮೂಲೆ ಸೂಜಿಮೊನೆಯಷ್ಟು ಕತ್ತರಿಸು, ಮೆಹೆಂದಿ ಕೋನಿನ ಹಾಗೆ ಹಿಡಿಯೋಕೆ ಅವಳಿಗೆ ಬರುತ್ತೆ. ಮಾರಿಯ ಮೇಲೆ ನೇರ ಐಸಿಂಗ್ ಬಿಟ್ಟರೆ ಬಿಸ್ಕತ್ತು ನೀರು ಕುಡಿದು ಮೆತ್ತಗಾಗುತ್ತೆ, ಅದಕ್ಕೇ ಚಾಕಲೇಟಿನಲ್ಲಿ ಅದ್ದಿ ಆರಿದ ಮೇಲೆ ಗೆರೆ. ಚಾಕಲೇಟು ಹಸಿ ಇದ್ದಾಗಲೇ ಒಣಕೊಬ್ಬರಿ ತುರಿ ಉದುರಿಸಿದರೆ ಹಿಮ, ಪಿಸ್ತಾ ಪುಡಿ ಮಾಡಿ ತ್ರಿಕೋನವಾಗಿ ಹಾಕಿದರೆ ಮರ. ಬಣ್ಣದ ಚುಕ್ಕಿಗೆ ದುಬಾರಿ ಡಬ್ಬಿ ತರಬೇಡ, ಜೀರಿಗೆ ಪೆಪ್ಪರ್‌ಮೆಂಟು ಇದೆಯಲ್ಲ. ಗಾಂಧಿಬಜಾರಿನಲ್ಲಿ ಇವತ್ತಿಗೂ ತೂಕಕ್ಕೆ ಸಿಗುತ್ತೆ. ಇದೆಲ್ಲ ನಿನ್ನ ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ತೋರಿಸ್ತಾರೇನೋ, ಆದರೂ ಬರೆದೆ.

ಹಸಿ ಮೈದಾ ಕಲಸಿ ಬೇಯಿಸದೆ ತಿನ್ನೋ ಬಗೆ ಒಂದು ಯಾರೋ ಕಳಿಸಿದ್ದಾರೆ ಅಂದಿದ್ದೆ. ಅದು ಬೇಡವೇ ಬೇಡ. ಹಸಿ ಹಿಟ್ಟು ಮಕ್ಕಳ ಹೊಟ್ಟೆ ಕೆಡಿಸುತ್ತೆ. ಕಲಸಲೇಬೇಕು ಅನ್ನಿಸಿದರೆ ಮಾರಿಯನ್ನೇ ಪುಡಿ ಮಾಡಿ, 200 ಗ್ರಾಮಿಗೆ ಮಿಲ್ಕ್‌ಮೇಡ್ ಅರ್ಧ ಡಬ್ಬಿಯವರೆಗೆ, ಕೈಗೆ ಅಂಟದಷ್ಟು.

ನಿಮ್ಮ ದೊಡ್ಡಪ್ಪನ ಜೊತೆ ಕೆಲಸ ಮಾಡ್ತಿದ್ದವರೊಬ್ಬರು ಫ್ರೇಜರ್ ಟೌನಿನಲ್ಲಿದ್ದರು, ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಡಿಸೆಂಬರ್ ಬಂತು ಅಂದ್ರೆ ಅವರ ಮನೇಲಿ ಊಟದ ಮೇಜಿನ ಸುತ್ತ ಮುದುಕರು ಮಕ್ಕಳು ಎಲ್ಲ ಕೂತು, ಹಿಟ್ಟಿನ ಗೋಲಿಯನ್ನ ಫೋರ್ಕಿನ ಬೆನ್ನಿಗೆ, ಕೆಲವರು ಹೊಸ ಬಾಚಣಿಗೆಗೆ, ಒತ್ತಿ ಸುರುಳಿ ಸುತ್ತೋರು. ಕಿಡ್ಯೊ ಅನ್ನೋರು, ಇಲ್ಲಿ ಉಳಿದವರು ಕುಲ್‌ಕುಲ್ ಅಂತಾರೆ. ಎಣ್ಣೇಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸೋದು. ಗುಲಾಬಿ ಹೂವಿನ ಆಕಾರದ ರೋಸ್ ಕುಕಿಯೂ ಕಬ್ಬಿಣದ ಅಚ್ಚನ್ನ ಹಿಟ್ಟಿಗದ್ದಿ ಕರಿದದ್ದೇ. ಹಬ್ಬ ಯಾರದೋ ಅವರ ಮನೆಯ ತಟ್ಟೇಲೇ ಅರ್ಧಕ್ಕರ್ಧ ಓವನ್ ಕಾಣದ ತಿಂಡಿ. ಆ ಮನೆಯ ಚಿಕ್ಕ ಹುಡುಗ ಸುತ್ತಿದ್ದು ಯಾವಾಗಲೂ ಬಿಚ್ಚಿಕೊಂಡಿರೋದು, ಅದನ್ನೇ ಅವರಮ್ಮ ನಮ್ಮ ಡಬ್ಬಿಯ ಮೇಲುಗಡೆ ಇಟ್ಟು ಕಳಿಸೋರು. ‘ಇದು ಅವನದು’ ಅಂತ ಒಂದು ಸಲ ಬೆರಳಿಟ್ಟೂ ತೋರಿಸಿದ್ದರು. ಆಗ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಆ ದಿನ ಮೇಜಿನ ಹತ್ರ ನೀನು ದೂರ ನಿಲ್ಲಬೇಡ. ಪುಟ್ಟಿ ತನ್ನದನ್ನ ಮುಚ್ಚಿಟ್ಟುಕೊಂಡರೆ ಮುಚ್ಚಿಟ್ಟುಕೊಳ್ಳಲಿ, ಅಲ್ಲಿ ಬೈಬೇಡ, ಸಮಾಧಾನವನ್ನೂ ಮಾಡಬೇಡ. ಮನೆಗೆ ಬಂದ ಮೇಲೆ ಡಬ್ಬಿಯಲ್ಲಿ ಉಳಿದದ್ದು ಕಂಡರೆ ಮಾತ್ರ ಕೇಳು, ಏನಾಯ್ತು ಅಂತ. ಕೇಳಲೇಬೇಕು. ಅಮ್ಮ ಆವತ್ತು ಕೇಳಿದ್ದರೆ ನಾನು ಅತ್ತುಬಿಡ್ತಿದ್ದೆ, ಬಹುಶಃ ಮುಂದಿನ ವರ್ಷ ಸೌಟು ಹಿಡಿದು ಉಜ್ಜೋದಕ್ಕೆ ನಾನೇ ಕೂರ್ತಿದ್ದೆ. ಬಹುಶಃ ಅಷ್ಟೇ, ಹೀಗೇ ಆಗ್ತಿತ್ತು ಅಂತ ಹೇಳೋಕಾಗೋದಿಲ್ಲ.

ಇನ್ನೊಂದು ಮುಖ್ಯವಾದದ್ದು, ಮೊದಲೇ ಬರೆಯಬೇಕಿತ್ತು. ಬರೋ ಮಕ್ಕಳಲ್ಲಿ ಕಡಲೆಕಾಯಿ, ಪಿಸ್ತಾ, ಬಾದಾಮಿ ಮೈಗೆ ಆಗದವರು ಯಾರಾದರೂ ಇದ್ದಾರಾ ಅಂತ ಗುಂಪಿನಲ್ಲಿ ಕೇಳಿಬಿಡು. ಇದ್ದರೆ ಪಿಸ್ತಾ ಮರ ಬಿಟ್ಟುಬಿಡಿ, ಮರಕ್ಕೆ ಹಸಿರು ಜೀರಿಗೆ ಪೆಪ್ಪರ್‌ಮೆಂಟು ಆರಿಸಿ ಹಾಕಿದರಾಯ್ತು. ಆರಿಸೋ ಕೆಲಸ ದೊಡ್ಡಪ್ಪನಿಗೆ ಕೊಟ್ಟಿದ್ದೀನಿ, ಶನಿವಾರ ಕಾಲು ಕೆಜಿ ತಂದು ಕೂರ್ತಾರಂತೆ. ಭಾನುವಾರ ಪುಟ್ಟಿಯನ್ನ ಕರೆದುಕೊಂಡು ಬಂದು ತಗೊಂಡು ಹೋಗು.

ಇಂತಿ ನಿನ್ನ
ದೊಡ್ಡಮ್ಮ