ಬಿಲ್ಲಿನಲ್ಲಿ ಇನ್ನೆರಡು ಸಾಲು ಅಚ್ಚು ಮಾಡಿಸಿ: ಇಂಧನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರಗಳು.

ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರ. ಹಿಟ್ಟಿನ ಗಿರಣಿ, ಲಾಡ್ಜ್, ಮುದ್ರಣಾಲಯ, ಬಟ್ಟೆ ಅಂಗಡಿ, ನೀರಿನ ಕ್ಯಾನ್ ತುಂಬುವ ಘಟಕ, ಬೆಣ್ಣೆದೋಸೆ ಹೋಟೆಲು, ಇಂಥವರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಗಿರಾಕಿಗಳು ಸುತ್ತಲಿನ ಕೆಲವು ಜಿಲ್ಲೆಗಳಲ್ಲೂ ಇದ್ದಾರೆ. ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಅವರ ಕರೆಂಟ್ ಬಿಲ್ಲುಗಳು ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ನನ್ನ ಮೇಜಿಗೆ ಬರುತ್ತವೆ. ಏಪ್ರಿಲ್, ಮೇ ತಿಂಗಳ ಬಿಲ್ಲಿನ ಅಕ್ಷರ ಅಷ್ಟರಲ್ಲಿ ಮಾಸಿ ಹೋಗಿರುತ್ತದೆ, ಕಿಟಕಿಯ ಬೆಳಕಿಗೆ ಹಿಡಿದು ಓದಬೇಕು.

ದರ ಇಳಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೆಲಸ, ತಮ್ಮದಲ್ಲ ಎಂದು ತಾವು ಹೇಳುತ್ತೀರಿ, ಅದು ಸರಿಯಾದ ಉತ್ತರವೇ. ಆಯೋಗ ಈಗಾಗಲೇ ಕೊಟ್ಟಿರುವ ಆಯ್ಕೆಗಳನ್ನು ಗ್ರಾಹಕನಿಗೆ ತಿಳಿಸಿ ಎಂಬುದಷ್ಟೇ ನನ್ನ ಕೋರಿಕೆ. ಬಿಲ್ಲು ಕೊಡುವ ಐದೂ ವಿದ್ಯುತ್ ಸರಬರಾಜು ಕಂಪನಿಗಳು ಸರ್ಕಾರದವೇ. ಬಿಲ್ಲಿನಲ್ಲಿ ಏನು ಅಚ್ಚಾಗಬೇಕೆಂದು ಅವುಗಳಿಗೆ ಹೇಳಲು ತಮಗೆ ಯಾರ ಅಡ್ಡಿಯೂ ಇಲ್ಲ.

ನನ್ನ ಗಿರಾಕಿಯೊಬ್ಬರ ಮುದ್ರಣಾಲಯದ ಸಂಗತಿ ಕೇಳಿ. ಹಿಂದೆ ಅಲ್ಲಿ ಎರಡು ದೊಡ್ಡ ಆಫ್‌ಸೆಟ್ ಯಂತ್ರಗಳಿದ್ದವು. ಮದುವೆ ಹಂಗಾಮಿನಲ್ಲಿ ರಾತ್ರಿಯಿಡೀ ಓಡುತ್ತಿದ್ದವು. ಲಗ್ನಪತ್ರಿಕೆ ವಾಟ್ಸ್‌ಆ್ಯಪ್‌ಗೆ ಹೋದ ಮೇಲೆ ಒಂದನ್ನು ಮಾರಿದರು, ಇನ್ನೊಂದು ಗುಜರಿಗೆ ಹೋಯಿತು. ಈಗ ಉಳಿದಿರುವುದು ಡಿಜಿಟಲ್ ಪ್ರಿಂಟರ್, ಕಟಿಂಗ್ ಯಂತ್ರ, ಬೈಂಡಿಂಗ್ ಕೆಲಸ. ಬಿಲ್ಲಿನಲ್ಲಿ ಮಾತ್ರ ಮಂಜೂರಾದ ಲೋಡ್, ಎಂದರೆ ಒಮ್ಮೆಗೆ ಎಳೆಯಲು ಕಂಪನಿ ಒಪ್ಪಿಗೆ ಕೊಟ್ಟ ವಿದ್ಯುತ್ತಿನ ಮಿತಿ, 20 ಎಚ್‌ಪಿ, ಅಂದರೆ ಸುಮಾರು 15 ಕಿಲೋವ್ಯಾಟ್ ಎಂದೇ ಇದೆ. ಅದೇ ಬಿಲ್ಲಿನ ಮೂಲೆಯಲ್ಲಿ ಎಂ.ಡಿ. ಎಂಬ ಇನ್ನೊಂದು ಅಂಕಿ ಇರುತ್ತದೆ. ಆ ತಿಂಗಳಲ್ಲಿ ಒಮ್ಮೆಗೇ ಎಳೆದ ಗರಿಷ್ಠ ವಿದ್ಯುತ್ತು ಅದು. ಅವರದು 6 ಕಿಲೋವ್ಯಾಟ್ ದಾಟಿದ್ದೇ ಇಲ್ಲ. ಬಳಕೆ ಎಷ್ಟೇ ಇರಲಿ, ಲೋಡಿನ ಲೆಕ್ಕದಲ್ಲಿ ತಿಂಗಳು ತಿಂಗಳು ಕಟ್ಟಬೇಕಾದ ನಿಗದಿತ ಶುಲ್ಕ ಬೀಳುತ್ತಿರುವುದು ಮಾತ್ರ 15ಕ್ಕೆ. ಲೆಕ್ಕದ ಅನುಕೂಲಕ್ಕೆ ಕಿಲೋವ್ಯಾಟ್‌ಗೆ ತಿಂಗಳಿಗೆ 150 ರೂಪಾಯಿ ಎಂದು ಹಿಡಿಯಿರಿ. ಲೋಡನ್ನು 7ಕ್ಕೆ ಇಳಿಸಿಕೊಂಡರೆ ತಿಂಗಳಿಗೆ 1,200, ವರ್ಷಕ್ಕೆ 14,400 ರೂಪಾಯಿ ಉಳಿಯುತ್ತದೆ. ಗುಜರಿಗೆ ಹೋದ ಯಂತ್ರಕ್ಕೆ ಇವರು ವರ್ಷವರ್ಷವೂ ಇಷ್ಟು ಹಣ ಕಟ್ಟುತ್ತಾ ಬಂದಿದ್ದಾರೆ. ಲೋಡ್ ಇಳಿಸಲು ಅರ್ಜಿ ಹಾಕಬಹುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಇದೇ ಮನುಷ್ಯ ಒಂದು ತಿಂಗಳು 15 ಕಿಲೋವ್ಯಾಟ್ ದಾಟಿದ್ದರೆ ಏನಾಗುತ್ತಿತ್ತು? ಯಾರೂ ಅರ್ಜಿ ಹಾಕಬೇಕಿರಲಿಲ್ಲ. ಮುಂದಿನ ಬಿಲ್ಲಿನಲ್ಲೇ ದಂಡದ ಮೊತ್ತ ತಾನಾಗಿ ಬಂದು ಕೂರುತ್ತಿತ್ತು. ಮೀಟರ್ ಒಂದೇ, ಗಣಕಯಂತ್ರ ಒಂದೇ. ಗ್ರಾಹಕ ಮಿತಿ ಮೀರಿದರೆ ಅದಕ್ಕೆ ಕಣ್ಣು ಕಾಣಿಸುತ್ತದೆ, ಮಿತಿಯ ಅರ್ಧವನ್ನೂ ಮುಟ್ಟದಿದ್ದರೆ ಕುರುಡಾಗುತ್ತದೆ.

ನಿಯಮಗಳೇ ಹೀಗಿವೆ ಎನ್ನಬಹುದು. ಹೌದು, ಹೀಗೆಯೇ ಇವೆ. ಕೇಂದ್ರ ಸರ್ಕಾರ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರ ಜೂನ್‌ನಲ್ಲಿ ತಿದ್ದುಪಡಿ ತಂದಿತು. ಒಂದು ಆರ್ಥಿಕ ವರ್ಷದಲ್ಲಿ ಮೂರು ಬಾರಿಯಾದರೂ ಮಂಜೂರಾದ ಲೋಡ್ ಮೀರಿದರೆ ಅದನ್ನು ಏರಿಸುವುದು ಹೇಗೆ ಎಂಬುದನ್ನು ಅದು ಬಿಡಿಸಿ ಹೇಳಿದೆ. ಬಳಕೆ ಇಳಿದಿದ್ದರೆ? ಅದಕ್ಕೆ ರಾಜ್ಯ ಆಯೋಗದ ಸರಬರಾಜು ನಿಯಮಾವಳಿಯಂತೆ ನಡೆಯಿರಿ ಎಂದು ಸುಮ್ಮನಾಗಿದೆ. ಹಾಗಾದರೆ ಚೆಂಡು ನಮ್ಮ ರಾಜ್ಯದ ಅಂಗಳದಲ್ಲೇ ಇದೆ.

ಈ ವಿಷಯವನ್ನು ಈಗಲೇ ಎತ್ತಲು ಕಾರಣವಿದೆ. ಕೆಲವು ವರ್ಷಗಳಿಂದ ದರ ಆದೇಶಗಳು ಒಂದೇ ದಿಕ್ಕಿಗೆ ಹೊರಳುತ್ತಿವೆ. ಯೂನಿಟ್ ದರ ಇಳಿಯುತ್ತದೆ, ನಿಗದಿತ ಶುಲ್ಕ ಏರುತ್ತದೆ. 2025ರ ಮಾರ್ಚ್ 27ರಂದು ಹೊರಬಿದ್ದ ಮೂರು ವರ್ಷಗಳ ಆದೇಶವೂ ಇದೇ ಜಾಡಿನದು. ಅದೇ ಏಪ್ರಿಲ್‌ನಿಂದ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು. ಪತ್ರಿಕೆಗಳೆಲ್ಲ ಆ 36 ಪೈಸೆಯ ಸುದ್ದಿ ಬರೆದವು. ಸಣ್ಣ ವ್ಯಾಪಾರಿಯನ್ನು ನಿಜವಾಗಿ ಕಚ್ಚುವುದು ನಿಗದಿತ ಶುಲ್ಕ. ಅಂಗಡಿ ಬಾಗಿಲು ಹಾಕಿದ್ದರೂ ಅದನ್ನು ಕಟ್ಟಬೇಕು. ಯೂನಿಟ್ ದರವೇ ದೊಡ್ಡದಾಗಿದ್ದ ಕಾಲದಲ್ಲಿ ತಪ್ಪು ಲೋಡ್ ಸಣ್ಣ ಸೋರಿಕೆ. ಈಗ ಬಿಲ್ಲಿನಲ್ಲಿ ನಿಗದಿತ ಶುಲ್ಕದ ಪಾಲು ಬೆಳೆದಂತೆ ಆ ಸೋರಿಕೆಯೂ ದೊಡ್ಡದಾಗುತ್ತಿದೆ.

ಇನ್ನೊಂದು ಆಯ್ಕೆಯೂ ಇದೆ. ಕಡಿಮೆ ಒತ್ತಡದ (ಎಲ್‌ಟಿ) ಸಂಪರ್ಕಗಳಲ್ಲಿ ಅಂಗಡಿಗಳದು ಎಲ್‌ಟಿ-3, ಕೈಗಾರಿಕೆಗಳದು ಎಲ್‌ಟಿ-5 ದರ ವರ್ಗ. ಈ ಎರಡರಲ್ಲೂ ಬೇಡಿಕೆ ಆಧಾರಿತ ದರ ಎಂಬುದೊಂದು ಆಯೋಗದ ಆದೇಶಗಳಲ್ಲಿ ವರ್ಷಗಳಿಂದ ಕಾಣಿಸಿಕೊಂಡಿದೆ. ಪಕ್ಕದಲ್ಲಿ ‘ಐಚ್ಛಿಕ’ ಎಂದಿರುತ್ತದೆ. ಗಿರಣಿಯಲ್ಲಿ ರಾಗಿಗೆ, ಗೋಧಿಗೆ, ಖಾರದ ಪುಡಿಗೆ ಬೇರೆ ಬೇರೆ ಮೋಟಾರು ಇರುತ್ತದೆ. ಎಲ್ಲವೂ ಒಟ್ಟಿಗೆ ತಿರುಗುವುದು ಎಂದೂ ಇಲ್ಲ, ಏಕೆಂದರೆ ಹಿಟ್ಟು ಬೀಸುವವನು ಒಬ್ಬನೇ. ಎಲ್ಲ ಮೋಟಾರುಗಳ ಎಚ್‌ಪಿ ಕೂಡಿಸಿ ಶುಲ್ಕ ಹಾಕುವುದಕ್ಕಿಂತ ಮೀಟರ್ ದಾಖಲಿಸಿದ ಬೇಡಿಕೆಯ ಮೇಲೆ ಹಾಕುವುದು ಅವನಿಗೆ ಎಷ್ಟೋ ವಾಸಿ. ಎಲ್ಲರಿಗೂ ಇದು ಲಾಭವೆಂದು ನಾನು ಹೇಳುವುದಿಲ್ಲ. ಹವಾನಿಯಂತ್ರಣ ಯಂತ್ರಗಳು ಇಡೀ ದಿನ ಒಟ್ಟಿಗೆ ಓಡುವ ಬಟ್ಟೆ ಅಂಗಡಿಗೆ ಇದರಿಂದ ಏನೂ ಉಳಿಯದು, ಲೆಕ್ಕ ತಪ್ಪಿದರೆ ದಂಡವೇ ಬಿದ್ದೀತು. ಅದಕ್ಕೇ ಲೆಕ್ಕ ಹಾಕಿ ನೋಡಬೇಕು. ಹಾಕಲು ಬೇಕಾದ ಅಂಕಿಗಳು ಕಂಪನಿಯ ಬಳಿ ಇವೆ, ಗಿರಣಿಯವನ ಬಳಿ ಇರುವುದು ಮಾಸಿದ ಕಾಗದ.

ದರ ಆದೇಶಗಳಿಗೆ ಮುನ್ನ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಅಲ್ಲಿ ಎಲ್ಲವೂ ಬಹಿರಂಗವಲ್ಲವೇ ಎಂದು ಅಧಿಕಾರಿಗಳು ಕೇಳಿಯಾರು. ಬಹಿರಂಗವೇ. ಎಫ್‌ಕೆಸಿಸಿಐ, ಕಾಸಿಯಾದಂಥ ವ್ಯಾಪಾರ, ಕೈಗಾರಿಕೆಗಳ ಸಂಸ್ಥೆಗಳು ಹೋಗಿ ವಾದ ಮಂಡಿಸುತ್ತವೆ, ಒಳ್ಳೆಯದು. ಗಿರಣಿಯವನು ಬಾಗಿಲು ಹಾಕಿ ಹೋಗಲಾರ, ಹೋದರೂ ನೂರಾರು ಪುಟಗಳ ಇಂಗ್ಲಿಷ್ ಆದೇಶ ಓದಲಾರ.

ಅಲ್ಲೇ ಪಕ್ಕದ ಉಪವಿಭಾಗ ಕಚೇರಿಗೆ ಹೋಗಿ ಕೇಳಬಹುದಲ್ಲ? ಇಲ್ಲಿ ಭಯದ ಮಾತು ಬರುತ್ತದೆ. ವಿದ್ಯುತ್ ಕಾಯ್ದೆ 2003ರ 126ನೇ ಕಲಂ ತಮಗೆ ಗೊತ್ತೇ ಇದೆ. ಮಂಜೂರಾತಿ ಪಡೆದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸಿದರೆ ಅದು ಅನಧಿಕೃತ ಬಳಕೆ. ಎರಡು ಪಟ್ಟು ದರ, ಎಂದಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ. ದುರ್ಬಳಕೆ ನಿಲ್ಲಿಸಲು ಇಂಥದ್ದೊಂದು ಕಲಂ ಬೇಕು. ಆದರೆ ನಮ್ಮ ಊರುಗಳಲ್ಲಿ ವ್ಯಾಪಾರ ಬೆಳೆಯುವ ರೀತಿ ನೋಡಿ. ಗಿರಣಿಯ ಮುಂದೆ ಎರಡು ಗೋಣಿಚೀಲ ಅಕ್ಕಿ ಇಟ್ಟು ಮಾರಲು ಶುರುಮಾಡುತ್ತಾರೆ, ನಾಲ್ಕು ವರ್ಷಕ್ಕೆ ಅದು ಅಂಗಡಿಯಾಗುತ್ತದೆ. ಗಿರಣಿ ಎಲ್‌ಟಿ-5, ಅಂಗಡಿ ಎಲ್‌ಟಿ-3, ಮೀಟರ್ ಒಂದೇ. ಮನೆಯ ಮುಂಗೋಣೆಯ ಬ್ಯೂಟಿ ಪಾರ್ಲರ್‌ನದೂ ಇಂಥದೇ ಕಥೆ. ಯಾವ ವರ್ಗ ಸರಿ ಎಂದು ಕೇಳಲು ಹೋದರೆ ಮಾರನೆಯ ದಿನ ಜಾಗೃತ ದಳದ ಜೀಪು ಬರುತ್ತದೆ ಎಂಬ ಮಾತು ಪೇಟೆಯಲ್ಲಿ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಆ ಮಾತು ನಂಬಿ ಜನ ಬಾಯಿ ಮುಚ್ಚಿಕೊಂಡಿದ್ದಾರೆ. ವಿಚಿತ್ರವೆಂದರೆ, ಕಡಿಮೆ ದರದ ವರ್ಗಕ್ಕೆ ಅರ್ಹರಾಗಿದ್ದೂ ಹೆಚ್ಚಿನ ದರ ಕಟ್ಟುತ್ತಿರುವವರೂ ಇದೇ ಭಯದಿಂದ ಕೇಳುವುದಿಲ್ಲ. ಸಾಫ್ಟ್‌ವೇರ್ ಸೇವೆ ಕೊಡುವ ಪುಟ್ಟ ಕಚೇರಿ ಅಗತ್ಯ ಪ್ರಮಾಣಪತ್ರ ಒದಗಿಸಿದರೆ ಕೈಗಾರಿಕೆಯ ವರ್ಗಕ್ಕೆ ಸೇರಬಹುದು. ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಇದು ಗೊತ್ತು. ಹಾಸನದಲ್ಲೋ ಶಿವಮೊಗ್ಗದಲ್ಲೋ ಎಂಟು ಹುಡುಗರನ್ನಿಟ್ಟುಕೊಂಡು ನಡೆಸುವವನಿಗೆ ಯಾರು ಹೇಳಬೇಕು?

ರೈತರ ಅನಧಿಕೃತ ಪಂಪ್‌ಸೆಟ್‌ಗಳಿಗೆ ಈ ರಾಜ್ಯ ಅಕ್ರಮ-ಸಕ್ರಮ ಮಾಡಿಕೊಟ್ಟಿದೆ. ವ್ಯಾಪಾರಿಗಳಿಗೆ ಅಷ್ಟು ಉದಾರತೆ ಬೇಕಿಲ್ಲ. ತಾನಾಗಿ ಮುಂದೆ ಬಂದು ವರ್ಗ ಸರಿಪಡಿಸಿಕೊಳ್ಳುವವನಿಗೆ ಕೆಲವು ತಿಂಗಳ ಅವಕಾಶ ಕೊಟ್ಟು, ವ್ಯತ್ಯಾಸದ ಹಣ ಕಟ್ಟಿಸಿಕೊಂಡು, ದಂಡದಿಂದ ಬಿಡುಗಡೆ ಕೊಡಲು ಕಾನೂನಿನಲ್ಲಿ ದಾರಿ ಇದೆಯೇ ಎಂದು ಆಯೋಗದೊಂದಿಗೆ ಚರ್ಚಿಸಿ ನೋಡಿ. ಸಾರ್ವಜನಿಕ ಹಿತದ ನೀತಿ ವಿಷಯಗಳಲ್ಲಿ ಆಯೋಗಕ್ಕೆ ನಿರ್ದೇಶನ ನೀಡಲು ಅದೇ ಕಾಯ್ದೆಯ 108ನೇ ಕಲಂ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ.

ಸ್ಮಾರ್ಟ್ ಮೀಟರ್ ಬಗ್ಗೆ ಒಂದೇ ಮಾತು. ಅದರ ಬೆಲೆಯ ಜಗಳಕ್ಕೆ ನಾನು ಬರುವುದಿಲ್ಲ. ಯಾವ ಹೊತ್ತಿನಲ್ಲಿ ಎಷ್ಟು ಬಳಸಿದಿರಿ ಎಂದು ಅದು ದಾಖಲಿಸುವುದರಿಂದ ಅದರ ಹಿಂದೆಯೇ ಬರುವುದು ಹೊತ್ತಿಗೊಂದು ದರ. ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಸಾಮಾನ್ಯ ದರದ ಕನಿಷ್ಠ 1.20 ಪಟ್ಟು, ಬಿಸಿಲಿನ ಹೊತ್ತಿನಲ್ಲಿ ಕನಿಷ್ಠ ಶೇ 20 ಕಡಿಮೆ ಎಂದು ಅದೇ 2023ರ ಕೇಂದ್ರ ತಿದ್ದುಪಡಿ ಹೇಳುತ್ತದೆ. ನೀರಿನ ಘಟಕದವನು, ಗಿರಣಿಯವನು ಕೆಲಸವನ್ನು ಮಧ್ಯಾಹ್ನಕ್ಕೆ ತಳ್ಳಿ ನಾಲ್ಕು ಕಾಸು ಉಳಿಸಿಯಾರು. ಹೋಟೆಲಿನವನು ಬೆಳಗಿನ ಇಡ್ಲಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಬೇಯಿಸಲಾರ, ಸಂಜೆ ಏಳಕ್ಕೆ ದೀಪ ಆರಿಸಲಾರ. ಆದ್ದರಿಂದ ಹೊಸ ದರ ಜಾರಿಯಾಗುವ ಮುನ್ನ ಮೂರು ತಿಂಗಳಾದರೂ ಹಳೆಯ ದರದ ಬಿಲ್ಲಿನ ಕೆಳಗೆ ಹೊಸ ದರದಲ್ಲಿ ಎಷ್ಟಾಗುತ್ತಿತ್ತು ಎಂದು ತೋರಿಸಿ. ಕಟ್ಟುವುದು ಹಳೆಯದನ್ನೇ, ನೋಡುವುದಕ್ಕೆ ಮಾತ್ರ ಹೊಸದು.

ಇಷ್ಟೆಲ್ಲ ಲೆಕ್ಕ ನಮ್ಮ ಕಂಪನಿಗಳಿಂದ ಸಾಧ್ಯವೇ ಎಂಬ ಅನುಮಾನ ಬೇಡ. 2023ರಲ್ಲಿ ಗೃಹಜ್ಯೋತಿ ಜಾರಿಯಾದಾಗ ಪ್ರತಿ ಮನೆಯ ಹಿಂದಿನ ಆರ್ಥಿಕ ವರ್ಷದ ಸರಾಸರಿ ಬಳಕೆ ತೆಗೆದು, ಅದಕ್ಕೆ ಶೇ 10 ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ಯಾರಿಗೆ ಎಷ್ಟು ಉಚಿತ ಎಂದು ಇದೇ ಕಂಪನಿಗಳು ಬಿಲ್ಲಿನಲ್ಲಿ ಅಚ್ಚು ಮಾಡಿಕೊಟ್ಟವು. ಒಂದು ಕೋಟಿಗೂ ಹೆಚ್ಚು ಮನೆಗಳಿಗೆ. ಅದಕ್ಕೆ ಹೋಲಿಸಿದರೆ ಅಂಗಡಿ, ಗಿರಣಿಗಳ ಲೆಕ್ಕ ಎಷ್ಟರದ್ದು?

ಆದಾಯ ಸೋರಿಹೋಗುತ್ತದೆ ಎಂದು ಹಣಕಾಸು ವಿಭಾಗದವರು ತಕರಾರು ತೆಗೆಯಬಹುದು. ಸ್ವಲ್ಪ ಹೋಗುವುದು ನಿಜ, ಮರೆಮಾಚುವುದಿಲ್ಲ. ಆದರೆ ಯಾರೂ ಬಳಸದ ಲೋಡ್ ದಾಖಲೆಯಲ್ಲಿ ಕುಳಿತಿರುವುದಕ್ಕೂ ಬೆಲೆಯಿದೆ. ಅದೇ ಬೀದಿಯಲ್ಲಿ ಹೊಸದಾಗಿ ಐಸ್‌ಕ್ರೀಂ ಘಟಕ ತೆರೆಯಲು ಬಂದವನಿಗೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗವಿಲ್ಲ, ಹೊಸದರ ಖರ್ಚು ನೀವೇ ಹಾಕಿಕೊಳ್ಳಿ ಎನ್ನುವಾಗ, ಆ ಜಾಗ ಹಿಡಿದಿಟ್ಟವರಲ್ಲಿ ನಮ್ಮ ಮುದ್ರಣಾಲಯದ ಗುಜರಿ ಯಂತ್ರವೂ ಒಂದು.

ಆದ್ದರಿಂದ, ಮನೆಯೇತರ ಪ್ರತಿ ಬಿಲ್ಲಿನಲ್ಲಿ ಎರಡು ಸಾಲು ಕೇಳುತ್ತಿದ್ದೇನೆ, ಕನ್ನಡದಲ್ಲಿ. ಒಂದು: ‘ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಗರಿಷ್ಠ ಬೇಡಿಕೆ ಇಷ್ಟು, ಮಂಜೂರಾದ ಲೋಡ್ ಇಷ್ಟು, ಇಳಿಸಿಕೊಳ್ಳಲು ಈ ಸಂಖ್ಯೆಗೆ ಕರೆ ಮಾಡಿ.’ ಎರಡು: ‘ನಿಮಗೆ ಲಭ್ಯವಿರುವ ಇನ್ನೊಂದು ದರದಲ್ಲಿ ಇದೇ ಹನ್ನೆರಡು ತಿಂಗಳಿಗೆ ನೀವು ಕಟ್ಟುತ್ತಿದ್ದುದು ಇಷ್ಟು.’ ಪ್ರತಿ ತಿಂಗಳು ಕಷ್ಟವಾದರೆ ವರ್ಷಕ್ಕೊಮ್ಮೆ, ಹೆಚ್ಚುವರಿ ಭದ್ರತಾ ಠೇವಣಿಯ ನೋಟಿಸಿನ ಜೊತೆಗಾದರೂ ಸಾಕು. ಆ ನೋಟಿಸು ಮಾತ್ರ ಯಾವ ವರ್ಷವೂ ತಪ್ಪದೆ ಬರುತ್ತದೆ.

ಮೊದಲು ಒಂದು ಉಪವಿಭಾಗದಲ್ಲಿ ಪ್ರಯೋಗ ಮಾಡಿ ನೋಡುವುದಾದರೆ, ಗಿರಾಕಿಗಳ ಒಪ್ಪಿಗೆ ಪಡೆದು ಅವರ ವರ್ಷದ ಬಿಲ್ಲುಗಳನ್ನೂ ನಾನು ಹಾಕಿದ ಲೆಕ್ಕವನ್ನೂ ತಮ್ಮ ಅಧಿಕಾರಿಗಳ ಮುಂದೆ ಇಡಲು ಸಿದ್ಧನಿದ್ದೇನೆ. ಮುಂದಿನ ದರ ಪರಿಷ್ಕರಣೆಯ ಅರ್ಜಿಗಳು ಆಯೋಗಕ್ಕೆ ಹೋಗುವ ಮೊದಲೇ ಇದು ಆಗಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ತೆರಿಗೆ ಸಲಹೆಗಾರ