ಒಂದು ದಿನದ ಗವರ್ನರ್ರೂ ನಮ್ಮ ಬೈಎಲೆಕ್ಷನ್ನೂ

ಸಂಪಾದಕರಿಗೆ ನಮಸ್ಕಾರ,

ಪೆರು ದೇಶದ ಬೆಟ್ಟದ ಮೇಲಿರೋ ಹಳೇ ಕಾಲದ ಊರು ಮಾಚು ಪಿಚು ಫೋಟೋ ನೋಡಿರದವ್ರು ಕಮ್ಮಿ, ಆದ್ರೆ ಅದನ್ನ ಜಗತ್ತಿಗೆಲ್ಲ ತೋರಿಸಿ ಹೆಸರು ಮಾಡಿದ ಹೈರಮ್ ಬಿಂಗಮ್ ಅಮೆರಿಕದಲ್ಲಿ ಒಂದೇ ಒಂದು ದಿನ ಗವರ್ನರ್ ಆಗಿದ್ದ ಅನ್ನೋದು ಯಾರೂ ಹೇಳಲ್ಲ. ಯೇಲ್ ಯೂನಿವರ್ಸಿಟಿ ಮೇಷ್ಟ್ರು, 1911ರ ಜುಲೈನಲ್ಲಿ ಪೆರುವಿನ ಒಬ್ಬ ರೈತ ದಾರಿ ತೋರಿಸ್ಕೊಂಡು ಗುಡ್ಡ ಹತ್ತಿಸಿದ, ಮೇಲೆ ಹೋದ್ರೆ ಆಗ್ಲೇ ಸಂಸಾರಗಳು ಗದ್ದೆ ಮಾಡ್ಕೊಂಡಿದ್ವು, ಹೆಸರು ಮಾತ್ರ ಇವನಿಗೆ ಬಂತು (ಅದೇ ಬೇರೆ ಕತೆ ಬಿಡಿ).

ಆಮೇಲೆ ರಾಜಕೀಯ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ಸಿಎಂ ಲೆಕ್ಕ, ಜನಾನೇ ವೋಟ್ ಹಾಕಿ ಗೆಲ್ಲಿಸ್ಬೇಕು. 1924ರ ನವೆಂಬರ್‌ನಲ್ಲಿ ಕನೆಕ್ಟಿಕಟ್ ಅನ್ನೋ ರಾಜ್ಯದ ಜನ ಇವನನ್ನ ಗವರ್ನರ್ ಆಗಿ ಗೆಲ್ಲಿಸಿದ್ರು. ಅಷ್ಟರಲ್ಲಿ ಅಲ್ಲಿನ ಸೆನೆಟರ್ (ಅಮೆರಿಕದ ಸಂಸತ್ತಿನ ಮೇಲ್ಮನೆ ಸದಸ್ಯ) ಒಬ್ರು ತೀರ್ಕೊಂಡು ಆ ಸೀಟು ಖಾಲಿ ಇತ್ತು, ಡಿಸೆಂಬರ್‌ನಲ್ಲಿ ಈ ಪುಣ್ಯಾತ್ಮ ಅದಕ್ಕೂ ನಿಂತು ಗೆದ್ದ! ಸರಿ, ಗವರ್ನರ್ ಆಗಲ್ಲ ಅಂತ ಹೇಳ್ಬಹುದಿತ್ತಲ್ಲ, ಇಲ್ಲ, 1925ರ ಜನವರಿ 7ಕ್ಕೆ ಪ್ರಮಾಣವಚನ ತಗೊಂಡು ಮಾರನೇ ದಿನ ರಾಜೀನಾಮೆ ಕೊಟ್ಟು ವಾಷಿಂಗ್ಟನ್ನಿಗೆ ಹೋದ. ಅಲ್ಲಾದ್ರೂ ನೆಟ್ಟಗಿದ್ನಾ, ಕಾರ್ಖಾನೆ ಮಾಲೀಕರ ಸಂಘದ ಮನುಷ್ಯನ್ನ ತನ್ನ ಆಫೀಸಿಗೆ ಸೇರಿಸ್ಕೊಂಡು ಸುಂಕದ ಬಗ್ಗೆ ಬಾಗಿಲು ಹಾಕ್ಕೊಂಡು ನಡೆಯೋ ಮೀಟಿಂಗ್‌ಗಳಲ್ಲೂ ಕೂರಿಸಿದ, 1929ರಲ್ಲಿ ಸೆನೆಟ್ಟೇ ಖಂಡನಾ ನಿರ್ಣಯ ಪಾಸ್ ಮಾಡ್ತು, 1932ರಲ್ಲಿ ಜನ ಸೋಲಿಸಿದ್ರು.

ಕಮ್ಮಿ ದಿನ ಇದ್ದಿದ್ದು ತಪ್ಪಲ್ಲ ಮಾರಾಯ್ರೇ. ನಮ್ಮ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು 1956ರಲ್ಲಿ ಸಿಎಂ ಆಗಿದ್ದು ಎರಡೂವರೆ ತಿಂಗಳಷ್ಟೇ, ರಾಜ್ಯ ಒಂದಾಗೋ ಹೊತ್ತಿಗೆ ಕುರ್ಚಿ ಬಿಟ್ರು, ಕಂದಾಯ ಮಂತ್ರಿಯಾಗಿ ಭೂಸುಧಾರಣೆಗೆ ಮಾಡಿದ ಕೆಲಸಕ್ಕೆ ಇವತ್ತಿಗೂ ಇಲ್ಲಿನ ಗೇಣಿ ರೈತರ ಮನೇಲಿ ಅವರ ಹೆಸರು ಹೇಳ್ತಾರೆ. ಸಿಟ್ಟು ಬರೋದು ಒಂದು ಸೀಟಿಗೆ ಗೆದ್ದು ಇನ್ನೊಂದಕ್ಕೆ ಹಾರೋದು ನೋಡಿ.

ನಮ್ಮ ಜಿಲ್ಲೆಯವರಿಗಂತೂ ಇದು ಹೊಸದಲ್ಲ. ಎಂಪಿ ಆಗಿದ್ದವರು ಎಂಎಲ್ಎ ಆದ್ರು ಅಂತ 2018ರ ನವೆಂಬರ್‌ನಲ್ಲಿ ಶಿವಮೊಗ್ಗ ಲೋಕಸಭೆಗೆ ಬೈಎಲೆಕ್ಷನ್, ಅಡಿಕೆ ಕೊಯ್ಲಿನ ಟೈಮಲ್ಲಿ ಕೆಲಸ ಬಿಟ್ಟು ಬೂತಿಗೆ ಹೋದ್ವಿ, 2019ರ ಏಪ್ರಿಲ್‌ಗೆ ಮತ್ತೆ ಅದೇ ಸೀಟಿಗೆ ಅದೇ ಕ್ಯೂ. 2024ರಲ್ಲೂ ಶಿಗ್ಗಾಂವಿ, ಸಂಡೂರು, ಚನ್ನಪಟ್ಟಣದ ಎಂಎಲ್ಎಗಳು ಎಂಪಿ ಆಗಿ ಮೂರೂ ಕಡೆ ಬೈಎಲೆಕ್ಷನ್ ಆಯ್ತು. ಕನೆಕ್ಟಿಕಟ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ಕೆಳಗಿನ ಎರಡನೇ ಸ್ಥಾನ) ಆಗಿ ಗೆದ್ದಿದ್ದ ಟ್ರಂಬುಲ್ ಬಿಂಗಮ್ ಜಾಗದಲ್ಲಿ ಕೂತ್ಕೊಂಡ್ರು, ಮರುಚುನಾವಣೆ ಖರ್ಚಾದ್ರೂ ಉಳೀತು, ನಮ್ಮಲ್ಲಿ ಅದೂ ಇಲ್ಲ.

ಇರೋ ಸೀಟಿನ ಅವಧಿ ಮುಗಿಯೋ ಮುಂಚೆ ಬೇರೆ ಸೀಟಿಗೆ ನಿಲ್ಲೋರು ನಾಮಿನೇಷನ್ ಹಾಕೋವಾಗ್ಲೇ ಬೈಎಲೆಕ್ಷನ್ ಖರ್ಚನ್ನ ಡೆಪಾಸಿಟ್ ಇಡ್ಬೇಕು ಅಂತ ಕಾನೂನು ಬರಲಿ, ಸೋತ್ರೆ ವಾಪಸ್ ಕೊಡಿ. ಯಾವ ಪಾರ್ಟಿ ಇದಕ್ಕೆ ಒಪ್ಪತ್ತೆ ಅಂತ ಪತ್ರಿಕೆಯೋರು ಮುಂದಿನ ಸಲ ಮೈಕ್ ಹಿಡಿದಾಗ ಒಂದು ಮಾತು ಕೇಳಿ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ