ಮೆಮೊರಿ ವೋಲ್ಟೇಜ್ ಏರಿಸುವ ಮುನ್ನ

ಸಂಪಾದಕರೇ,

ಡಿಡಿಆರ್ ಎಂಬ ಹಳೆಯ ಬಗೆಯ ಮೆಮೊರಿ ಇರುವ ಕಂಪ್ಯೂಟರ್‌ಗಳನ್ನು ಓವರ್‌ಕ್ಲಾಕ್ ಮಾಡುವವರು, ಅಂದರೆ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವವರು, ಓಸಿಜೆಡ್ ಕಂಪನಿಯ ಡಿಡಿಆರ್ ಬೂಸ್ಟರ್ ಅನ್ನು ಈಗಲೂ ಇಷ್ಟಪಡುತ್ತಾರೆ. ಖಾಲಿ ಮೆಮೊರಿ ಸ್ಲಾಟ್‌ಗೆ ಕೂರಿಸುವ ಪುಟ್ಟ ಬೋರ್ಡ್ ಅದು, ಅದರ ಗುಂಡಿ ತಿರುಗಿಸಿದಂತೆ ಮೆಮೊರಿಗೆ ಹೋಗುವ ವೋಲ್ಟೇಜ್ ಏರುತ್ತದೆ, ಎಷ್ಟಾಯಿತು ಅಂತ ಅದರ ಮೇಲೇ ಅಂಕಿ ಕಾಣುತ್ತದೆ. ಡಿಡಿಆರ್ 400 ಎಂಬ ಮೆಮೊರಿಗೆ ಬೇಕಾದದ್ದು 2.6 ವೋಲ್ಟ್ ಮಾತ್ರ. ವಿನ್‌ಬಾಂಡ್ ಬಿಎಚ್-5 ಎಂಬ ಮೆಮೊರಿ ಚಿಪ್ 3.3 ವೋಲ್ಟ್‌ನಲ್ಲೂ ಚೆನ್ನಾಗಿ ಓಡುತ್ತದೆ, ನಿಜ. ಆದರೆ ಎಲ್ಲ ಚಿಪ್‌ಗಳೂ ಹಾಗಲ್ಲ, ಸುಮ್ನೆ ಜಾಸ್ತಿ ಮಾಡಿದರೆ ಸುಟ್ಟೇ ಹೋಗಬಹುದು! ವಿಂಡೋಸ್ ತೆರೆದುಕೊಂಡರೆ ಸಾಕು ಅಂದುಕೊಳ್ಳಬೇಡಿ. ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಮೆಮೊರಿ ಮೇಲೆ ಫ್ಯಾನ್ ಗಾಳಿ ಬೀಳಲಿ. ಆ ಪರೀಕ್ಷೆಯಲ್ಲಿ ಒಂದೇ ಒಂದು ಎರರ್ ಕಂಡರೂ ವಿಂಡೋಸ್ ಶುರು ಮಾಡಬೇಡಿ, ಫೈಲ್‌ಗಳು ಗೊತ್ತೇ ಆಗದ ಹಾಗೆ ಹಾಳಾಗಬಹುದು. ನಿಮ್ಮ ತಂತ್ರಜ್ಞಾನ ಪುಟದಲ್ಲಿ ವೇಗದ ಜೊತೆ ಈ ಪರೀಕ್ಷೆಯ ಬಗ್ಗೆಯೂ ಬರೆಯಿರಿ.

– ಒಬ್ಬ ಓದುಗ, ಮೈಸೂರು